ದೇವದಾರಿನ ಹಾಸಿಗೆ

ಗುರುಸಂಗಪ್ಪನವರು ಇಲಿಗಳ ಮನೆಯ ಬಾಗಿಲಲ್ಲಿ ದಿನಾಲೂ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಹೊರಗಿನ ಚಪ್ಪಲಿ ಒಳಗೆ ಬರಬಾರದೆಂಬುದು ಕಾಲೇಜಿನ ನಿಯಮವೂ ಆಗಿತ್ತು. ಆದರೆ ಅವರು ಬಿಡುತ್ತಿದ್ದುದು ನಿಯಮಕ್ಕೆ ಹೆದರಿ ಅಲ್ಲ. ಗಣಪತಿಯ ವಾಹನಗಳು ನೂರಾ ಇಪ್ಪತ್ತು ಒಂದೇ ಕೋಣೆಯಲ್ಲಿರುವಾಗ ಮೆಟ್ಟು ಮೆಟ್ಟಿಕೊಂಡು ಹೋಗುವುದು ಅವರ ಮನಸ್ಸಿಗೆ ಒಗ್ಗುತ್ತಿರಲಿಲ್ಲ.

ಕೊಟ್ಟೂರು ದಾಟಿ ಉಜ್ಜಿನಿಯ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಒಂದು ಫಾರ್ಮಸಿ ಕಾಲೇಜು. ಅದರ ಹಿಂದೆ, ಬೇವಿನ ಮರಗಳ ನೆರಳಲ್ಲಿ, ಇಲಿಗಳ ಮನೆ. ಗುರುಸಂಗಪ್ಪನವರು ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಮೊಣಕಾಲು ಹಿಡಿದ ಮೇಲೆ ಹಿಪ್ಪುನೇರಳೆ ತೋಟವನ್ನು ಮಗನಿಗೆ ಒಪ್ಪಿಸಿ ಇಲ್ಲಿಗೆ ಬಂದಿದ್ದರು. ಹುಳುವಿಗೆ ಸೊಪ್ಪು ಹಾಕಿ, ಹಾಸಿಗೆ ಬದಲಿಸಿ, ತಂಪು ನೋಡಿಕೊಂಡ ಕೈಗೆ ಇಲಿ ಸಾಕುವುದೇನೂ ಕಷ್ಟವಾಗಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮುಗಿಸಿ, ಹಣೆಗೆ ಮೂರೆಳೆ ವಿಭೂತಿ ಧರಿಸಿ, ಸೊಸೆ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಬಂದರೆಂದರೆ ಎಂಟಕ್ಕೆ ಸರಿಯಾಗಿ ಬೀಗ ತೆಗೆಯುವರು.

ಇಲಿಗಳೆಲ್ಲ ಬಿಳಿ ಮೈ, ಕೆಂಪು ಕಣ್ಣಿನವು. ಗೋಡೆಯ ಈ ಕಡೆಗೆ ಒಂದು ಸಾಲು ಪಂಜರ, ಆ ಕಡೆಗೆ ಒಂದು ಸಾಲು. ನೋಡುವವರ ಕಣ್ಣಿಗೆ ಎರಡೂ ಒಂದೇ. ಆದರೆ ನಿದ್ದೆಯ ಔಷಧವನ್ನು ಹನಿಯಷ್ಟು ಚುಚ್ಚಿದರೆ ಅವುಗಳ ಬಣ್ಣ ಬಯಲಾಗುತ್ತಿತ್ತು. ಈ ಸಾಲಿನವು ನಲವತ್ತು ನಿಮಿಷಕ್ಕೆಲ್ಲ ಎದ್ದು ಮೀಸೆ ತಿರುವುತ್ತಿದ್ದವು. ಆ ಸಾಲಿನವು ಒಂದೂಮುಕ್ಕಾಲು ಗಂಟೆಯಾದರೂ ಅಂಗಾತ ಬಿದ್ದುಕೊಂಡಿರುತ್ತಿದ್ದವು. ಮೊದಲನೆಯದು ಏಳುವ ಸಾಲು, ಎರಡನೆಯದು ಮಲಗುವ ಸಾಲು. ಈ ಎರಡು ಸಾಲನ್ನು ಕಟ್ಟಿದವಳು ರೇಖಾ.

ರೇಖಾ ಹಂಪಸಾಗರದ ಹುಡುಗಿ. ತಂದೆ ಭೀಮೇಶ್ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಅವರ ಮನೆತನದಲ್ಲಿ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಸಿಕೊಳ್ಳಲು ಹೊರಟವಳು ಇವಳೇ ಮೊದಲು. ನಾಲ್ಕು ವರ್ಷದಿಂದ ಅವಳದು ಒಂದೇ ಕೆಲಸ. ತಡವಾಗಿ ಏಳುವ ಇಲಿಗೆ ತಡವಾಗಿ ಏಳುವುದನ್ನೇ ಜೋಡಿ ಮಾಡುವುದು, ಬೇಗ ಏಳುವುದಕ್ಕೆ ಬೇಗ ಏಳುವುದನ್ನೇ. ಮರಿಗಳು ದೊಡ್ಡವಾದ ಮೇಲೆ ಮತ್ತೆ ಅದೇ ಲೆಕ್ಕ. ಈಗ ಏಳನೆಯ ತಲೆಮಾರು ನಡೆದಿತ್ತು.

“ಇದೇನವ್ವಾ, ಇಲಿಗೆ ಬೀಗತನ ಮಾಡ್ಸೋದೇ ಒಂದ್ ಓದಾ?” ಎಂದು ಗುರುಸಂಗಪ್ಪನವರು ಮೊದಮೊದಲು ನಕ್ಕಿದ್ದರು.

“ನಗಬ್ಯಾಡ್ರಿ ತಾತ. ನಾವು ನುಂಗಿದ ಔಷಧ ಹೊಟ್ಟಿಯಾಗ ಹಂಗ ಕುಂದ್ರಂಗಿಲ್ಲ. ನಮ್ಮ ಲಿವರಿನಾಗ ಕೆಲಸಗಾರರು ಅದಾರ ಅಂತ ತಿಳ್ಕೋರಿ. ಬಂದ ಔಷಧ ಒಡದು ಹೊರಗ ಸಾಗಸೋದು ಅವರ ಕೆಲಸ. ಪುಸ್ತಕದಾಗ ಅವಕ್ಕ ಕಿಣ್ವ ಅಂತಾರ. ಕೆಲವರಿಗೆ ಹುಟ್ಟತಲೇ ಕೆಲಸಗಾರರು ಬಾಳ ಚುರುಕು, ಕೆಲವರಿಗೆ ನಿಧಾನ. ತಾಯಿ ತಂದಿಯಿಂದ ರಕ್ತದಾಗ ಬರತೈತಿ ಅದು. ಅದಕ್ಕ ಒಂದೇ ಗುಳಿಗಿ ಒಬ್ಬರಿಗೆ ತಟ್ಟಂಗಿಲ್ಲ, ಇನ್ನೊಬ್ಬರನ್ನ ಎರಡ ದಿನ ಮಲಗಸತೈತಿ.”

ಗುರುಸಂಗಪ್ಪನವರ ಕೈಯಲ್ಲಿದ್ದ ನೀರಿನ ಬಾಟಲಿ ಅಲ್ಲಿಯೇ ನಿಂತಿತು.

“ಎರಡ ದಿನ ಅಂದಿ?”

“ಹೂಂ ರಿ. ಯಾಕ?”

“ನಮ್ಮ ಮನಿಯಾಕಿ ಹಂಗ ಇದ್ಲವ್ವಾ. ನೆಗಡಿ ಗುಳಿಗಿ ಅರ್ಧ ನುಂಗಿದ್ರ ಸಾಕು, ಇವತ್ತ ಮಲಗಿದಾಕಿ ನಾಡಿದ್ದ ಏಳಾಕಿ. ಆಕಿ ಕೆಲಸಗಾರರು ಎಲ್ಲರೂ ರಜಾ ಹಾಕಿದ್ರು ಅಂತ ಕಾಣತೈತಿ.”

ರೇಖಾ ನಕ್ಕಳು. ಅವರೂ ನಕ್ಕರು. ಆದರೆ ಅವಳು ಆಚೆ ಹೋದ ಮೇಲೆ ಬಹಳ ಹೊತ್ತು ಮಲಗುವ ಸಾಲಿನ ಮುಂದೆ ನಿಂತರು. ಹೆಂಡತಿ ಕಲ್ಯಾಣಮ್ಮ ತೀರಿಕೊಂಡು ಆಗ ಎಂಟು ತಿಂಗಳು. ಒಮ್ಮೆ ಹರಪನಹಳ್ಳಿಯಿಂದ ತಂಗಿಯ ಮನೆಯವರು ಬಂದಾಗ ಅವಳು ಹೀಗೇ ಗುಳಿಗೆ ನುಂಗಿ ಮಲಗಿದ್ದಳು. ಎಬ್ಬಿಸಿದರೂ ಏಳಲಿಲ್ಲ. ನಾಲ್ಕು ಜನರ ಮುಂದೆ ಅವರು ಅವಳನ್ನು ಮೈಗಳ್ಳಿ ಎಂದುಬಿಟ್ಟಿದ್ದರು. ಅವಳು ಎದ್ದ ಮೇಲೆ ಆ ಮಾತು ಕಿವಿಗೆ ಬಿದ್ದರೂ ನೇರವಾಗಿ ಹೋಗಿ ಒಲೆ ಹಚ್ಚಿದ್ದಳು. ತಪ್ಪು ಅವಳದಲ್ಲ, ಅವಳ ತಾಯಿ ತಂದೆಯಿಂದ ಬಂದದ್ದು ಎಂದು ತಿಳಿಯುವುದಕ್ಕೆ ಈ ಹುಡುಗಿ ಬರಬೇಕಾಯಿತು. ಅಂದಿನಿಂದ ಮಲಗುವ ಸಾಲಿನ ಮೇಲೆ ಅವರಿಗೆ ಒಂದು ಕೈ ಹೆಚ್ಚಿನ ಅಕ್ಕರೆ. ಆ ಪಂಜರಗಳ ಕದ ಹಾಕುವಾಗಲೂ ಸಪ್ಪಳವಾಗದಂತೆ ಹಾಕುವರು.

ಈ ಅಕ್ಕರೆಯೇ ಮುಂದೆ ಪೇಚಿಗೆ ತಂದಿತು.

ಕೊಟ್ಟೂರಿನ ಬಡಗಿ ಉಚ್ಚಂಗೆಪ್ಪ ಅವರ ಬಾಲ್ಯದ ಗೆಳೆಯ. ಕೋಗಳಿ ಕಡೆಯ ಒಂದು ಊರಿನವರು ತಮ್ಮ ವೀರಭದ್ರದೇವರಿಗೆ ಹೊಸ ಪಲ್ಲಕ್ಕಿ ಮಾಡಲು ಅವನಿಗೆ ಹೇಳಿದ್ದರು. ಮೈಗೆಲ್ಲ ಸಾಗುವಾನಿ, ದೇವರು ಕೂಡುವ ಪೀಠಕ್ಕೆ ಮಾತ್ರ ಸುವಾಸನೆ ಇರಲೆಂದು ಭಕ್ತರೊಬ್ಬರು ಉತ್ತರದೇಶದಿಂದ ದೇವದಾರು ತರಿಸಿ ಕೊಟ್ಟಿದ್ದರು. ಕೀಸುಳಿ ಹೊಡೆದ ಹಾಗೆಲ್ಲ ಸುರುಳಿ ಸುರುಳಿ ಸಿಪ್ಪೆ ಬಿದ್ದು ಅಂಗಡಿಯೆಲ್ಲ ಘಮಘಮ.

ದೇವರ ಪಲ್ಲಕ್ಕಿಯ ಸಿಪ್ಪೆಯನ್ನು ತುಳಿಯುವ ಹಾಗಿಲ್ಲ, ತಿಪ್ಪೆಗೆ ಚೆಲ್ಲುವ ಹಾಗಿಲ್ಲ, ಬಚ್ಚಲ ಒಲೆಗಂತೂ ಹಾಕುವ ಹಾಗೇ ಇಲ್ಲ. ಅದನ್ನು ಹೊಳೆಗೆ ಬಿಡುವುದು ಬಡಗಿಗಳ ಪದ್ಧತಿ.

“ಹೊಳಿ ಅಂದ್ರ ಹಂಪಸಾಗರದ ತನಕ ಹೋಗಬೇಕು. ನನ್ನ ಸೊಂಟ ನೋಡಿದ್ರ ಈ ಬಾಗಿಲ ತನಕ ಹೋಗಾಕ ಒಲ್ಲೆ ಅಂತೈತಿ” ಎಂದ ಉಚ್ಚಂಗೆಪ್ಪ.

ಗುರುಸಂಗಪ್ಪನವರಿಗೆ ತಟ್ಟನೆ ಹೊಳೆಯಿತು. “ನನಗ ಕೊಡಲೇ. ಗಣಪ್ಪನ ವಾಹನಕ್ಕ ಹಾಸಿಗಿ ಮಾಡ್ತೀನಿ. ಅಣ್ಣನ ಪಲ್ಲಕ್ಕಿ ಸಿಪ್ಪಿ ತಮ್ಮನ ವಾಹನಕ್ಕ ಹೋದ್ರ ಯಾವ ದೋಷ ಐತಿ?”

“ನಿನ್ನ ಇಲಿ ನಸೀಬ ನನಗಿಲ್ಲ ನೋಡು. ನಾನು ನೆಲದ ಮ್ಯಾಲೆ ಮಲಗ್ತೀನಿ” ಎಂದು ಉಚ್ಚಂಗೆಪ್ಪ ಚೀಲ ತುಂಬಿಸಿಕೊಟ್ಟ.

ಪಂಜರಗಳಿಗೆ ಯಾವಾಗಲೂ ಹಾಸುತ್ತಿದ್ದುದು ಭತ್ತದ ಹೊಟ್ಟು. ದೇವದಾರಿನ ಸಿಪ್ಪೆ ಎರಡೂ ಸಾಲಿಗೆ ಸಾಲುವಷ್ಟಿರಲಿಲ್ಲ. ಯಾರಿಗೆ ಹಾಕಬೇಕೆಂದು ಗುರುಸಂಗಪ್ಪನವರು ಯೋಚಿಸಲೂ ಇಲ್ಲ. ಮಲಗುವವರಿಗೆ ತಾನೆ ಹಾಸಿಗೆ ಬೇಕು? ಆ ಸಾಲಿನ ಇಲಿಗಳು ಸಿಪ್ಪೆಯೊಳಗೆ ಮೂಗು ತೂರಿಸಿ, ಸುರಂಗ ಕೊರೆದು, ಕಿವಿಯ ಮೇಲೆ ಒಂದೊಂದು ಸುರುಳಿ ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿ ಮುದುಕನ ಜೀವ ತಂಪಾಯಿತು.

ಆ ದಿನಗಳಲ್ಲಿ ರೇಖಾ ಊರಲ್ಲಿರಲಿಲ್ಲ. ಯಾವುದೋ ಯಂತ್ರ ನಡೆಸುವುದನ್ನು ಕಲಿಯಲು ಮೂರು ವಾರ ಹುಬ್ಬಳ್ಳಿಗೆ ಹೋಗಿದ್ದಳು. ಅವಳು ಬರುವ ಹಿಂದಿನ ದಿನಕ್ಕೆ ಸರಿಯಾಗಿ ಚೀಲ ಬರಿದಾಯಿತು. ಗುರುಸಂಗಪ್ಪನವರು ಮತ್ತೆ ಭತ್ತದ ಹೊಟ್ಟು ಹಾಸಿ, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದರು. ಘಮಲು ಹೋಯಿತು.

ರೇಖಾ ಬಂದವಳೇ ಏಳನೆಯ ತಲೆಮಾರಿನ ಪರೀಕ್ಷೆಗೆ ಕುಳಿತಳು. ಇದೇ ಕೊನೆಯದು. ಇದು ಮುಗಿದರೆ ಬರೆಯುವುದಷ್ಟೇ ಉಳಿಯುವುದು. ಅವಳು ಮಲಗುವ ಸಾಲಿನ ಮೊದಲ ಇಲಿಗೆ ಔಷಧ ಚುಚ್ಚಿದಳು. ಅದು ತೂಕಡಿಸಿದ ಮೇಲೆ ಬಟ್ಟೆಯ ಮೇಲೆ ಅಂಗಾತ ಮಲಗಿಸಿ ಗಡಿಯಾರ ಒತ್ತಿದಳು. ತಾನಾಗಿ ಹೊರಳಿ ನಾಲ್ಕು ಕಾಲ ಮೇಲೆ ನಿಂತರೆ ಎಚ್ಚರವಾದಂತೆ. ನಲವತ್ತು ನಿಮಿಷ ಕಳೆದಾಗ, ಇನ್ನೂ ಒಂದು ಗಂಟೆಯ ಮೇಲೆ ಹೊತ್ತಿದೆಯೆಂದು ಅವಳು ಚಹಾ ತರಲು ಹೇಳಿದಳು. ಚಹಾ ಬರುವಷ್ಟರಲ್ಲಿ ಇಲಿ ಎದ್ದು ಮೇಜಿನ ಅಂಚಿಗೆ ಹೋಗಿತ್ತು.

ನಲವತ್ತೆಂಟು ನಿಮಿಷ.

ಎರಡನೆಯದು ಐವತ್ತೊಂದು. ಮೂರನೆಯದು ನಲವತ್ತಾರು. ಸಂಜೆಯವರೆಗೆ ಹನ್ನೆರಡು ಇಲಿ ನೋಡಿದಳು. ಹನ್ನೆರಡೂ ಏಳುವ ಸಾಲಿನ ನೆಂಟರ ಹಾಗೆ ಎದ್ದು ಕುಳಿತವು. ರೇಖಾಳ ಮುಖದಲ್ಲಿ ರಕ್ತವಿರಲಿಲ್ಲ.

“ತಾತ, ಪಂಜರ ಅದಲು ಬದಲು ಆಗ್ಯಾವಾ?”

“ಎಲ್ಲ್ಯವ್ವಾ! ಬಾಲದ ಮ್ಯಾಲಿನ ಗುರುತು ನೀನ ನೋಡು.”

ಗುರುತುಗಳು ಸರಿಯಾಗಿಯೇ ಇದ್ದವು.

“ಕಾಳು ಬದಲಿ ಮಾಡಿದ್ರಾ? ನೀರು? ಏನರೆ ಔಷಧ ಗಿವಷಧ ಹಾಕಿದ್ರಾ? ನೆನಪ ಮಾಡ್ಕೊಂಡು ಹೇಳ್ರಿ ತಾತ. ನಾಲ್ಕ ವರ್ಷದ ಕೆಲಸ ಐತಿ ನಂದು.”

ಗುರುಸಂಗಪ್ಪನವರಿಗೆ ನೋವಾಯಿತು. ಸಾಕುವವನ ಮೇಲೆ ಸಂಶಯ! ಕೊರಳಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದು, “ಲಿಂಗ ಮುಟ್ಟಿ ಹೇಳ್ತೀನಿ ಕೇಳು. ನೀನು ಹೋದಾಗ ಹೆಂಗಿತ್ತೋ ಎಲ್ಲ ಹಂಗ ಐತಿ. ಏನೂ ಬದಲಿ ಮಾಡಿಲ್ಲ” ಎಂದರು. ಅವರು ಸುಳ್ಳು ಹೇಳಲಿಲ್ಲ. ಕಾಳು, ನೀರು, ಔಷಧ ಎಂದು ಕೇಳಿದವಳಿಗೆ ಕಾಳು, ನೀರು, ಔಷಧ ನೆನೆದೇ ಉತ್ತರ ಕೊಟ್ಟರು. ಹಾಸಿಗೆ ಅವರ ಲೆಕ್ಕದಲ್ಲಿ ಸೇವೆ. ಸೇವೆಯನ್ನು ಯಾರೂ ಬದಲಾವಣೆ ಎನ್ನುವುದಿಲ್ಲ.

ಅವರು ಲಿಂಗ ಮುಟ್ಟಿದ ಮೇಲೆ ರೇಖಾ ಇನ್ನೇನು ಕೇಳಿಯಾಳು? ಅವಳಿಗೆ ಕಲಿಸುವ ಮೇಷ್ಟ್ರು ಪ್ರವೀಣಕುಮಾರ್ ಹಡಗಲಿಯವರು, ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಅವಳು ನಿಮಿಷ ಬರೆದಿಟ್ಟ ಕಾಗದವನ್ನು ಮೇಲಿಂದ ಕೆಳಗೆ ನೋಡಿ ಕನ್ನಡಕ ತೆಗೆದರು.

“ರೇಖಾ, ರಕ್ತದಾಗ ಬಂದಿದ್ದು ಒಂದ್ ತಿಂಗಳದಾಗ ಮಾಯ ಆಗಂಗಿಲ್ಲ. ಅಂದ್ರ ಮೊದಲಿಂದ ರಕ್ತದಾಗ ಬಂದಿದ್ದಿಲ್ಲ ಅಂತ ಅರ್ಥ. ಕಮಿಟಿಯೋರು ಇದನ್ನ ಕೇಳತಾರ. ಬ್ಯಾರೆ ವಿಷಯ ಹುಡುಕೋಣು. ಸೋಮವಾರದಿಂದ ಈ ಇಲಿ ಸಣ್ಣ ತರಗತಿ ಹುಡುಗರ ಪ್ರಾಕ್ಟಿಕಲ್ಲಿಗೆ ಕೊಟ್ಟುಬಿಡು.”

ಅಂದು ಶುಕ್ರವಾರ. ರೇಖಾ ಇಲಿಗಳ ಮನೆಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತಳು. ಅಳಲಿಲ್ಲ. ಅಪ್ಪನಿಗೆ ಫೋನಿನಲ್ಲಿ, “ಎಲ್ಲಾ ಚಂದ ನಡದೈತಪ್ಪಾ” ಎಂದಳು. ಅದನ್ನು ಕೇಳಿದ ಗುರುಸಂಗಪ್ಪನವರು ಅಂದಿನ ರೊಟ್ಟಿಯ ಗಂಟನ್ನು ಬಿಚ್ಚದೆಯೇ ಮನೆಗೆ ಒಯ್ದರು.

ಮರುದಿನ ಅವರು ಉಚ್ಚಂಗೆಪ್ಪನ ಅಂಗಡಿಗೆ ಹೋದರು. ಇಲಿಗಳು ಹೋಗುವುದಂತೂ ಖಂಡಿತ. ಇರುವ ಎರಡು ದಿನವಾದರೂ ಮೆತ್ತಗೆ ಮಲಗಲಿ ಎಂದು ಉಳಿದ ಸಿಪ್ಪೆ ಕೇಳುವುದಕ್ಕೆ. ಉಚ್ಚಂಗೆಪ್ಪ ಮೂಗಿಗೆ ವಸ್ತ್ರ ಕಟ್ಟಿಕೊಂಡು ಪೀಠ ಉಜ್ಜುತ್ತಿದ್ದ.

“ಯಾಕಲೇ, ಮಾರಿ ಮುಚ್ಕೊಂಡಿ?”

“ಒಂದ್ ತಿಂಗಳಾತಪಾ ಇದರ ವಾಸನಿ ಕುಡದು. ತಲಿ ಧಿಮ್ ಅಂತೈತಿ. ನೋಡಾಕ ದೇವರಂಥಾ ಮರ, ಒಳಗ ಬಾಳ ಖಾರ ಐತಿ. ಇದಕ್ಕ ಗೆದ್ದಲ ಹತ್ತಂಗಿಲ್ಲ, ನುಸಿ ಹತ್ತಂಗಿಲ್ಲ. ನಿನ್ನೆ ಒಂದ್ ಇರುವಿ ಬಂದಿತ್ತು, ಮೂಸಿ ನೋಡಿ ಬಂದ ದಾರೀಲೆ ಹೊಳ್ಳಿ ಹೋತು.”

ಗುರುಸಂಗಪ್ಪನವರು ಬಗ್ಗಿ ಒಂದು ಹಿಡಿ ಸಿಪ್ಪೆ ಎತ್ತಿಕೊಂಡವರು ಹಾಗೆಯೇ ನಿಂತರು. ಗೆದ್ದಲು ಹೆದರುವ ಮರ. ಇರುವೆ ಹೆದರುವ ಮರ. ಅದರೊಳಗೆ ಮೂಗಿಟ್ಟುಕೊಂಡು ಮೂರು ವಾರ ಹಗಲೂ ರಾತ್ರಿ ಮಲಗಿದ ಇಲಿಗಳು! ರೇಷ್ಮೆ ಹುಳುವಿನ ಮನೆಗೆ ಬೀಡಿ ಸೇದಿ ಬಂದವನನ್ನು ಒಳಗೆ ಬಿಡದೆ ಬೈದು ಕಳಿಸುತ್ತಿದ್ದವರು ಅವರು. ಊದಿನಕಡ್ಡಿ ಹಚ್ಚಿದ ಸೊಸೆಯನ್ನೂ ಬಿಟ್ಟಿರಲಿಲ್ಲ. ವಾಸನೆ ಮೈಗೆ ಇಳಿಯುತ್ತದೆಂದು ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಬಾಯಿಗೆ, ತನ್ನ ಕೈಯಿಂದ ಚೀಲ ಸುರಿಯುವಾಗ ಅದು ನೆನಪಾಗಲಿಲ್ಲ. ದೇವರದೆಂದ ಕೂಡಲೇ ಒಳ್ಳೆಯದೆಂದೇ ನಂಬಿದ್ದರು.

“ಏನಾತಲೇ? ಬಾಯಿ ತಕ್ಕೊಂಡು ನಿಂತಿ?”

“ನಾನು ಕೆಟ್ಟೆ ಉಚ್ಚಂಗಿ” ಎಂದು ಅವರು ಸಿಪ್ಪೆ ಕೆಳಗೆ ಹಾಕಿ ಸೈಕಲ್ ಹತ್ತಿದರು.

ಹತ್ತಿದ್ದು ಕಾಲೇಜಿಗೆ ಹೋಗಲೆಂದೇ. ಆದರೆ ಬಸ್‌ಸ್ಟಾಂಡಿನ ತಿರುವಿನಲ್ಲಿ ಲಿಂಗ ಮುಟ್ಟಿ ಆಡಿದ ಮಾತು ನೆನಪಾಗಿ ಸೈಕಲ್ ಮನೆಯ ಕಡೆ ತಿರುಗಿತು. ಅರವತ್ತೇಳು ವರ್ಷದಲ್ಲಿ ಅವರು ಲಿಂಗ ಮುಟ್ಟಿ ಆಣೆ ಮಾಡಿದ್ದು ಅದೊಂದೇ ಸಲ. ಅದೂ ಸುಳ್ಳಾಯಿತೆಂದು ಹೋಗಿ ಹೇಳುವುದೇ? ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹುಡುಗಿ ಬೇರೆ ವಿಷಯ ಹುಡುಕಿಕೊಳ್ಳುತ್ತಾಳೆ.

ಭಾನುವಾರ ಬೆಳಿಗ್ಗೆ ಪೂಜೆಗೆ ಕುಳಿತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರು. ದಿನಾಲೂ ನೋಡುವ ಲಿಂಗ. ಅಂದು ನೆಟ್ಟ ನೋಟದಿಂದ ನೋಡಲಾಗಲಿಲ್ಲ. ನಾಲ್ಕು ಜನರ ಮುಂದೆ ಒಬ್ಬಳನ್ನು ತಪ್ಪಾಗಿ ಮೈಗಳ್ಳಿ ಎಂದದ್ದು, ಆಮೇಲೆ ಅದನ್ನು ನಾಲ್ಕು ಜನರ ಮುಂದೆ ತಿದ್ದದೇ ಹೋದದ್ದು, ಅದೂ ನೆನಪಾಯಿತು. ದೇವರು ಕ್ಷಮಿಸುತ್ತಾನೆ, ಅವನಿಗೆ ಅದು ಸುಲಭ. ಆದರೆ ಮನುಷ್ಯರ ಎದುರು ಆಡಿದ ಮಾತನ್ನು ಮನುಷ್ಯರ ಎದುರೇ ಸರಿ ಮಾಡಬೇಕು. ಅವರು ಪೂಜೆ ಮುಗಿಸಿ, ರೊಟ್ಟಿಗೂ ಕಾಯದೆ ಹೊರಟರು.

ಇಲಿಗಳ ಮನೆಯಲ್ಲಿ ರೇಖಾ ಒಬ್ಬಳೇ ಪಂಜರದ ಚೀಟಿಗಳನ್ನು ಬಿಚ್ಚುತ್ತಿದ್ದಳು.

“ಚೀಟಿ ಕೀಳಬ್ಯಾಡವ್ವಾ. ನಂದು ತಪ್ಪಾಗೈತಿ” ಎಂದು ಅವರು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ಪಲ್ಲಕ್ಕಿ, ಸಿಪ್ಪೆ, ಗಣಪತಿ, ಗೆದ್ದಲು ಯಾವುದನ್ನೂ ಬಿಡಲಿಲ್ಲ.

ರೇಖಾ ಮೊದಲು ಕಣ್ಣರಳಿಸಿದಳು. “ಯಾವ ಸಾಲಿಗೆ ತಾತ? ಬರೇ ಮಲಗೋ ಸಾಲಿಗಾ? ಎಷ್ಟ ದಿನ?”

“ಹತ್ತೊಂಬತ್ತ ದಿನ.”

“ಅಯ್ಯೋ ನನ್ನ ತಾತಾ! ಖಾರ ವಾಸನಿ ಬಂದ್ರ ಲಿವರಿನ ಕೆಲಸಗಾರರು ಗಡಬಡಿಸಿ ಎದ್ದು ದುಪ್ಪಟ್ಟು ದುಡೀತಾರ. ಹುಟ್ಟಾ ನಿಧಾನ ಇದ್ದೋರು ಸೈತ! ಪುಸ್ತಕದಾಗ ಐತಿ, ನಾನ ಓದೀನಿ!” ಎಂದು ಅವರನ್ನು ದಾಟಿ ಹೊರಗೆ ಓಡಿದವಳು ಅಲ್ಲಿಂದಲೇ ತಿರುಗಿ, “ಲಿಂಗ ಮುಟ್ಟಿ ಹೇಳಿದ್ರಲ್ಲ ನೀವು!” ಎಂದಳು. ಈ ಸಲ ಕಣ್ಣಲ್ಲಿ ನೀರಿತ್ತು.

“ಹೇಳಿದ್ದೆ. ಅದಕ್ಕ ಬಂದೀನಿ” ಎಂದರು ಗುರುಸಂಗಪ್ಪನವರು.

ಸೋಮವಾರ ಪ್ರವೀಣಕುಮಾರ್ ಎಲ್ಲ ಕೇಳಿದರು. ಕೇಳಿ ಮುದುಕನ ಕಡೆ ತಿರುಗಿದರು.

“ಯಜಮಾನ್ರ, ಮೊನ್ನೆ ಆಣಿ ಮಾಡಿ ಒಂದ್ ಹೇಳಿದ್ರಿ, ಇವತ್ತ ಇನ್ನೊಂದು ಹೇಳ್ತೀರಿ. ಈ ಹುಡುಗಿ ಮ್ಯಾಲೆ ನಿಮಗ ಮೊಮ್ಮಗಳ ಪ್ರೀತಿ ಐತಿ ಅಂತ ಇಡೀ ಕಾಲೇಜಿಗೆ ಗೊತ್ತು. ನಾನು ಯಾವುದನ್ನ ನಂಬಲಿ?”

ಈ ಪ್ರಶ್ನೆ ಬರಬಹುದೆಂದು ಗುರುಸಂಗಪ್ಪನವರು ನೆನೆಸಿರಲಿಲ್ಲ. ನಿಜ ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದರು. “ನನ್ನ ನಂಬಬ್ಯಾಡ್ರಿ ಸರ್. ಇಲಿ ನಂಬ್ರಿ. ಅವಕ್ಕ ಯಾರ ಮ್ಯಾಲೂ ಪ್ರೀತಿ ಇಲ್ಲ” ಎಂದರು.

ಮೇಷ್ಟ್ರ ತುಟಿಯ ಮೂಲೆ ಸ್ವಲ್ಪ ಸಡಿಲವಾಯಿತು. ನಾಲ್ಕು ವಾರದ ಗಡುವು ಕೊಟ್ಟರು. ದೇವದಾರಿನ ಖಾರ ಮೈಯಿಂದ ಇಳಿಯಲೆಂದು ಅಷ್ಟು ದಿನ ಬರೀ ಭತ್ತದ ಹೊಟ್ಟು. ಬೀಗದ ಕೈ ಮೇಷ್ಟ್ರ ಹತ್ತಿರ. ಆಮೇಲೆ ಅದೇ ಇಲಿಗಳಿಗೆ ಅದೇ ಔಷಧ. ಮೊದಲಿನಂತೆ ಮಲಗಿದರೆ ರೇಖಾಳ ಕೆಲಸ ಉಳಿಯಿತು. ಎದ್ದರೆ ಇಲಿಗಳೂ ಹೋದವು, ಕೆಲಸವೂ ಹೋಯಿತು, ಮತ್ತೆ ಮಾತಿಲ್ಲ.

ನಾಲ್ಕು ವಾರ ಗುರುಸಂಗಪ್ಪನವರು ತಲೆಗೆ ಎಣ್ಣೆ ಹಚ್ಚಲಿಲ್ಲ, ಊದಿನಕಡ್ಡಿಯ ಹತ್ತಿರ ಸುಳಿಯಲಿಲ್ಲ. ಉಚ್ಚಂಗೆಪ್ಪ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗಿ ಅಲ್ಲಿಂದಲೇ ಮಾತಾಡಿಸುವರು. “ನನಗೇನು ಸಿಡುಬು ಎದ್ದೈತೇನಲೇ?” ಎಂದು ಅವನು ನಡುಬೀದಿಯಲ್ಲಿ ಕೂಗಾಡಿದ.

ಗಡುವಿನ ದಿನ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಔಷಧ ಚುಚ್ಚಿದವಳು ರೇಖಾ. ಗಡಿಯಾರ ಹಿಡಿದವರು ಪ್ರವೀಣಕುಮಾರ್. “ಕುಂದರ್ರಿ ಯಜಮಾನ್ರ, ಆದ್ರ ಉಸಿರು ಸೈತ ಮೆಲ್ಲಕ ಬಿಡ್ರಿ” ಎಂದು ಮುದುಕನಿಗೂ ಒಂದು ಕುರ್ಚಿ ಹಾಕಿಸಿದರು. ಮಲಗುವ ಸಾಲಿನ ಮೊದಲ ಹೆಣ್ಣಿಲಿ ಬಟ್ಟೆಯ ಮೇಲೆ ಅಂಗಾತ ಬಿದ್ದಿತು. ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು.

ನಲವತ್ತು ನಿಮಿಷವಾಯಿತು. ನಲವತ್ತೇಳಕ್ಕೆ ಅದರ ಹಿಂಗಾಲು ಜಾಡಿಸಿತು. ರೇಖಾ ಗುರುಸಂಗಪ್ಪನವರ ತೋಳು ಹಿಡಿದಳು. ಮೀಸೆ ಅದುರಿತು. ಏನು ಬೇಡಿಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಎಲ್ಲರೂ ಏಳಲಿ, ಬೆಳಗಾಗಲಿ, ರೋಗ ಬಿಡಲಿ ಎಂದೇ ಬೇಡಿದವರು. ಒಂದು ಜೀವ ಏಳದಿರಲಿ ಎಂದು ಬೇಡುವುದು ಹೇಗೆ? “ಶಿವನೇ, ಇನ್ನೂ ಸ್ವಲ್ಪ ಹೊತ್ತು” ಎಂದಷ್ಟೇ ಅಂದುಕೊಂಡರು. ಇಲಿ ಕಾಲು ಮಡಚಿಕೊಂಡು ಮತ್ತೆ ನಿದ್ದೆಗೆ ಇಳಿಯಿತು.

ಒಂದು ಗಂಟೆ. ಒಂದೂಕಾಲು. ಒಂದೂವರೆ. ಅಷ್ಟರಲ್ಲಿ ಮೇಷ್ಟ್ರ ಕಿಸೆಯಲ್ಲಿ ಫೋನು ಒಮ್ಮೆಲೇ ಹೊಡೆದುಕೊಂಡಿತು. ಮೂವರೂ ಹಾರಿಬಿದ್ದರು. ಮೇಷ್ಟ್ರು ಕಿಸೆ ತಡಕಾಡಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಮೇಜಿನ ಮೇಲಿದ್ದ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಇಲಿ ಮಾತ್ರ ಕಿವಿಯನ್ನೂ ಆಡಿಸಲಿಲ್ಲ.

ಪ್ರವೀಣಕುಮಾರ್ ಗಡಿಯಾರ ನೋಡಿದರು, ಹಳೆಯ ಕಾಗದ ನೋಡಿದರು, ಮತ್ತೆ ಗಡಿಯಾರ ನೋಡಿದರು. ನೂರಾ ಎರಡು ನಿಮಿಷ. ಅವರು ಕನ್ನಡಕ ತೆಗೆದು ರೇಖಾಳ ಕಡೆ ತಿರುಗಿ, ಪಿಸುಮಾತಿನಲ್ಲಿ, “ಕಮಿಟಿಗೆ ಪತ್ರ ಬರಿ. ಹಾಸಿಗಿ ವಿಷಯಾನೂ ಒಂದ್ ಅಧ್ಯಾಯ ಮಾಡು. ಹುಟ್ಟತಲೇ ಬಂದಿದ್ದು ಎಷ್ಟು, ಹೊರಗಿಂದ ಹತ್ತಿದ್ದು ಎಷ್ಟು ಅಂತ ಎರಡೂ ಕಾಣತೈತಿ” ಎಂದರು.

ನಾಲ್ಕು ವಾರ ತಡೆದಿದ್ದ ಅಳುವನ್ನು ಆಗ ರೇಖಾಳಿಗೆ ತಡೆಯಲಾಗಲಿಲ್ಲ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗುರುಸಂಗಪ್ಪನವರು ಅವಳ ತಲೆಯ ಮೇಲೆ ಕೈಯಿಟ್ಟು, ಮೇಜಿನ ಮೇಲಿನ ಜೀವದ ಕಡೆ ಹೆದರಿ ಹೆದರಿ ನೋಡಿದರು.

“ಮೆಲ್ಲಕ ಅಳವ್ವಾ” ಎಂದರು, “ಎಚ್ಚರಾದೀತು.”